ತೆಳು ಲೋಹದ ಪ್ಲೇಟನ್ನು ಬಗ್ಗಿಸದೆ ಹಿಡಿಯುವುದು ಹೇಗೆ: ಮಿಲ್ಲಿಂಗ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ಲೇಟು ಮಿಲ್ಲಿಂಗ್ ಮೆಷಿನ್ ಮೇಲೆ ಇರುವಾಗ ಡಯಲ್ (ಏರುತಗ್ಗು ಅಳೆಯುವ ಸಾಧನ) ಮುಳ್ಳು ಅಲ್ಲಾಡುವುದಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಅಳತೆ. ಕ್ಲಾಂಪ್ ಬಿಚ್ಚಿ ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸುವ, ನಿಖರವಾಗಿ ಚಪ್ಪಟೆಯಾದ ಹಾಸು) ಮೇಲೆ ಇಟ್ಟರೆ ಅದೇ ಜಾಬ್ (ಕೆಲಸಕ್ಕೆ ಹಿಡಿದ ತುಂಡು) ದೋಣಿಯ ಹಾಗೆ ಬಾಗಿ ಕೂತಿರುತ್ತದೆ. ತೆಳು ಪ್ಲೇಟಿನ ಕೆಲಸ ಮಾಡಿದ ಎಲ್ಲರೂ ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ನಾನು ಮೊದಲು ನೋಡಿದ್ದು 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ. ಅಗಲವಾದ ಪ್ಲೇಟನ್ನು ವೈಸ್‌ನಲ್ಲಿ (ಎರಡು ದವಡೆಗಳ ನಡುವೆ ಬಿಗಿಯುವ ಸಾಧನ) ಅಂಚು ಹಿಡಿದು ಚೆನ್ನಾಗಿ ಬಿಗಿದೆ, ಮೇಲ್ಮೈ ಕನ್ನಡಿಯ ಹಾಗೆ ತೆಗೆದೆ. ಬಿಚ್ಚಿದಾಗ ನಡುವೆ ತಗ್ಗು ಬಿದ್ದಿತ್ತು. ವೈಸ್ ಬಿಗಿದಾಗ ಪ್ಲೇಟು ಮೇಲಕ್ಕೆ ಉಬ್ಬಿತ್ತು, ಕಟರ್ ಆ ಉಬ್ಬನ್ನು ನೀಟಾಗಿ ತೆಗೆದುಹಾಕಿತ್ತು. ಮೆಷಿನ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಪ್ಪಿದ್ದು ನಾನು ಹಿಡಿದ ರೀತಿಯಲ್ಲಿ.

ಈ ಬರಹದ ಸಾರ ಇಷ್ಟು: ಪ್ಲೇಟನ್ನು ಚಪ್ಪಟೆ ಮಾಡುವುದಕ್ಕೆ ಹಿಡಿಯಬೇಡಿ. ಅದು ಹೇಗಿದೆಯೋ ಹಾಗೇ ಹಿಡಿಯಿರಿ. ಚಪ್ಪಟೆ ಮಾಡುವುದು ಕಟರ್‌ನ ಕೆಲಸ, ಕ್ಲಾಂಪ್‌ನದ್ದಲ್ಲ.

ಪ್ಲೇಟು ಬಾಗುವುದು ಯಾಕೆ

ಮೂರು ಕಾರಣ ಇವೆ. ಮೂರನ್ನೂ ಬೇರೆ ಬೇರೆ ಗುರುತಿಸಲು ಬಂದರೆ ಮುಂದಿನದೆಲ್ಲ ಸುಲಭ.

ಮೊದಲನೆಯದು ನಾವು ಹಾಕುವ ಒತ್ತಡ. ಪ್ಲೇಟು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ದಪ್ಪ ಅರ್ಧ ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. 300 ಮಿ.ಮೀ. ಉದ್ದ, 200 ಅಗಲ, 6 ದಪ್ಪದ ಅಲ್ಯೂಮಿನಿಯಂ ಪ್ಲೇಟನ್ನು ಎರಡು ತುದಿಗಳ ಮೇಲೆ ನಿಲ್ಲಿಸಿ. ಅದರ ನಡುವನ್ನು 0.2 ಮಿ.ಮೀ. ಕೆಳಗಿಳಿಸಲು ಸುಮಾರು 9 ಕೆ.ಜಿ. ಭಾರ ಸಾಕು. ಅದೇ ಪ್ಲೇಟು 3 ಮಿ.ಮೀ. ದಪ್ಪ ಇದ್ದರೆ 1 ಕೆ.ಜಿ.ಗಿಂತ ಚೂರು ಜಾಸ್ತಿ, ಅಷ್ಟೇ. ಒಂದು ಎಂ10 (10 ಮಿ.ಮೀ. ವ್ಯಾಸದ) ಬೋಲ್ಟನ್ನು ಸ್ಪ್ಯಾನರ್ ಹಾಕಿ ಬಿಗಿದರೆ ಸಾವಿರ ಕೆ.ಜಿ.ಯ ಒತ್ತಡ ಆರಾಮಾಗಿ ಬರುತ್ತದೆ. ಹಾಗಾಗಿ ಎಷ್ಟೇ ಸೊಟ್ಟ ಇರುವ ತೆಳು ಪ್ಲೇಟನ್ನೂ ಕ್ಲಾಂಪ್ ಟೇಬಲ್‌ಗೆ ಅಂಟಿಸಿಬಿಡುತ್ತದೆ. ಬಿಚ್ಚಿದಾಗ ಅದು ಸ್ಪ್ರಿಂಗ್ ಹಾಗೆ ವಾಪಸ್ ಹೋಗುತ್ತದೆ. ಉಕ್ಕು ಅಲ್ಯೂಮಿನಿಯಂಗಿಂತ ಮೂರು ಪಟ್ಟು ಬಾಗುವುದನ್ನು ತಡೆಯುತ್ತದೆ. ಆದರೆ ಕ್ಲಾಂಪ್ ಮುಂದೆ ಆ ಮೂರು ಪಟ್ಟು ಯಾವ ಲೆಕ್ಕಕ್ಕೂ ಇಲ್ಲ.

ಎರಡನೆಯದು ಲೋಹದ ಒಳಗಿನ ಬಿಗಿತ. ಕೋಲ್ಡ್ ರೋಲ್ ಮಾಡಿದ (ಬಿಸಿ ಮಾಡದೆ ಉರುಳೆಗಳ ನಡುವೆ ಒತ್ತಿ ತೆಳುವಾಗಿಸಿದ) ಪ್ಲೇಟಿನ ಹೊರಪದರ ಮತ್ತು ಒಳಗಿನ ತಿರುಳು ಒಂದನ್ನೊಂದು ಎಳೆದಾಡುತ್ತಾ ಸಮತೋಲದಲ್ಲಿ ಇರುತ್ತವೆ. ಒಂದು ಕಡೆಯ ಪದರ ಮಾತ್ರ ತೆಗೆದರೆ ಆ ಸಮತೋಲ ತಪ್ಪುತ್ತದೆ. ಆಗ ಪ್ಲೇಟು ಹೊಸ ಆಕಾರಕ್ಕೆ ಹೋಗಿ ನಿಲ್ಲುತ್ತದೆ. ಇದನ್ನು ಯಾವ ಕ್ಲಾಂಪೂ ತಡೆಯುವುದಿಲ್ಲ. ಬಿಚ್ಚುವವರೆಗೆ ಮುಂದೂಡುತ್ತದೆ, ಅಷ್ಟೇ.

ಮೂರನೆಯದು ಬಿಸಿ. ಇದನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ಇದು ಬರೀ ಉದ್ದದ ಮಾತಲ್ಲ. ಮೇಲೆ ಹೇಳಿದ 6 ಮಿ.ಮೀ. ಪ್ಲೇಟಿನ ಮೇಲ್ಮುಖ ಕೆಳಮುಖಕ್ಕಿಂತ ಬರೀ 1 ಡಿಗ್ರಿ ಜಾಸ್ತಿ ಬಿಸಿ ಇದ್ದರೂ 300 ಮಿ.ಮೀ. ಉದ್ದಕ್ಕೆ ನಡುವೆ ಸುಮಾರು 0.04 ಮಿ.ಮೀ. ಉಬ್ಬುತ್ತದೆ. ಮೊಂಡು ಕಟರ್ ಹಾಕಿ ಒಣಗಿದಲ್ಲೇ ಉಜ್ಜುತ್ತಿದ್ದರೆ ಏನಾಗಬಹುದು ಅಂತ ಯೋಚಿಸಿ. ಉಬ್ಬಿದ ಕಡೆ ಕಟರ್ ಜಾಸ್ತಿ ತೆಗೆಯುತ್ತದೆ, ತಣ್ಣಗಾದ ಮೇಲೆ ಅಲ್ಲಿ ತಗ್ಗು ಉಳಿಯುತ್ತದೆ.

ಹಂತ 1: ಎಷ್ಟು ಚಪ್ಪಟೆ ಬೇಕು ಅಂತ ಮೊದಲೇ ತೀರ್ಮಾನಿಸಿ

ಈ ಪ್ಲೇಟು ಕೊನೆಗೆ ಎಲ್ಲಿಗೆ ಹೋಗುತ್ತದೆ? ದಪ್ಪ ಚೌಕಟ್ಟಿನ ಮೇಲೆ ಹತ್ತು ಸ್ಕ್ರೂ ಹಾಕಿ ಕೂರಿಸುವ ಮುಚ್ಚಳ ಆಗಿದ್ದರೆ, ಬಿಡಿಯಾಗಿ ಇಟ್ಟಾಗ 0.2 ಮಿ.ಮೀ. ಬಾಗಿದ್ದರೂ ತೊಂದರೆ ಇಲ್ಲ. ಸ್ಕ್ರೂಗಳು ಅದನ್ನು ಎಳೆದು ಕೂರಿಸುತ್ತವೆ. ಅಲ್ಲಿ ಬೇಕಾದದ್ದು ಎಲ್ಲ ಕಡೆ ಒಂದೇ ದಪ್ಪ. ಹಾಗಿದ್ದರೆ ವ್ಯಾಕ್ಯೂಮ್ ಹಾಕಿ (ಕೆಳಗಿನ ಗಾಳಿ ಹೀರಿ) ಎಳೆದು ಹಿಡಿದೇ ಕೆಲಸ ಮುಗಿಸಬಹುದು. ಬಿಡಿಯಾಗಿ ಇಟ್ಟಾಗಲೂ ಚಪ್ಪಟೆ ಇರಬೇಕಾದರೆ ಮಾತ್ರ ಮುಂದಿನ ಎಲ್ಲ ಹಂತ ಬೇಕು. ಡ್ರಾಯಿಂಗ್‌ನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ, ಕೆಲಸದಲ್ಲಿ ಮಾತ್ರ ಅರ್ಧ ದಿನದ ವ್ಯತ್ಯಾಸ. ಸಂದೇಹ ಇದ್ದರೆ ಡ್ರಾಯಿಂಗ್ ಕೊಟ್ಟವರನ್ನೇ ಕೇಳಿ.

ಹಂತ 2: ಸರಿಯಾದ ಸರಕು ಆರಿಸಿ

ಅಲ್ಯೂಮಿನಿಯಂ ಆದರೆ 6061 ಅಥವಾ 7075 ಮಿಶ್ರಲೋಹದಲ್ಲಿ ಟಿ6 ಹದದ ಬದಲು ಟಿ651 ಕೇಳಿ. ಕೊನೆಯ 51ಕ್ಕೆ ಅರ್ಥ ಇದೆ. ಶಾಖ ಕೊಟ್ಟು ತಣಿಸಿದ ಮೇಲೆ ಪ್ಲೇಟನ್ನು 1.5ರಿಂದ 3 ಶೇಕಡಾದಷ್ಟು ಎಳೆದು ಒಳಗಿನ ಬಿಗಿತ ಇಳಿಸಿರುತ್ತಾರೆ. ಇನ್ನೂ ಒಳ್ಳೆಯದು ಬೇಕಾದರೆ ಎರಕ ಹೊಯ್ದು ಮಾಡಿದ ಟೂಲಿಂಗ್ ಪ್ಲೇಟು ಸಿಗುತ್ತದೆ. ಅದರ ಎರಡೂ ಮುಖ ಮೊದಲೇ ಮಿಲ್ ಆಗಿ ಬರುತ್ತವೆ. ಅದು ಬಾಗುವುದು ತುಂಬಾ ಕಮ್ಮಿ, ಆದರೆ ಬಲವೂ ಕಮ್ಮಿ. ಭಾರ ಹೊರುವ ಭಾಗಕ್ಕೆ ಬೇಡ.

ಉಕ್ಕಿನಲ್ಲಿ ಕೋಲ್ಡ್ ರೋಲ್ ಪ್ಲೇಟು ನೋಡಲು ಚೆಂದ, ಅಳತೆಯೂ ಸರಿ. ಆದರೆ ಒಂದು ಪದರ ತೆಗೆದ ಕೂಡಲೇ ತಿರುಚುತ್ತದೆ. ತುಂಬಾ ತೆಗೆಯುವುದಿದ್ದರೆ ಹಾಟ್ ರೋಲ್ ಪ್ಲೇಟು ಹಿಡಿಯಿರಿ. ಸಾಧ್ಯವಾದರೆ ಒರಟು ಕೆಲಸ ಮುಗಿದ ಮೇಲೆ 550ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕುಲುಮೆಯಲ್ಲೇ ನಿಧಾನ ತಣಿಯಲು ಬಿಡಿ. ಇದು ಸಾದಾ ಮೈಲ್ಡ್ ಸ್ಟೀಲ್‌ಗೆ ಹೇಳಿದ ಮಾತು, ಹದ ಮಾಡಿದ ಉಕ್ಕಿಗೆ ಅಲ್ಲ.

ದಪ್ಪದಲ್ಲಿ ಜಿಪುಣತನ ಬೇಡ. 6 ಮಿ.ಮೀ. ಬೇಕಾದರೆ 8ರಿಂದ ಶುರು ಮಾಡಿ. ಎರಡೂ ಕಡೆಯಿಂದ ಸಮನಾಗಿ ತೆಗೆಯಲು ಜಾಗ ಇರಬೇಕು.

ಹಂತ 3: ಬಿಡಿಯಾಗಿ ಅಳೆಯಿರಿ

ಮೊದಲು ಅಂಚುಗಳ ಬರ್ (ಕತ್ತರಿಸಿದಲ್ಲಿ ಉಳಿದ ಚೂಪು ಮುಳ್ಳು) ಅರದಿಂದ ತೆಗೆಯಿರಿ. ಶಿಯರ್ ಮಾಡಿದ (ಕತ್ತರಿಯ ಹಾಗೆ ತುಂಡರಿಸಿದ) ಅಂಚಿನಲ್ಲಿ ನಿಂತ ಒಂದು ಸಣ್ಣ ಬರ್ ಸಾಕು, ಪ್ಲೇಟು 0.1 ಮಿ.ಮೀ. ಮೇಲೆ ನಿಲ್ಲುತ್ತದೆ. ನೀವು ಅದನ್ನೇ ಬಾಗು ಅಂದುಕೊಳ್ಳುತ್ತೀರಿ.

ಆಮೇಲೆ ಸರ್ಫೇಸ್ ಪ್ಲೇಟ್ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಮೂಲೆಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ತಟ್ಟಿ. ಟಕಟಕ ಅಂದರೆ ಅಲ್ಲಿ ಸಂದು ಇದೆ. ಫೀಲರ್ ಗೇಜ್ (ದಪ್ಪ ಬರೆದಿರುವ ತೆಳು ಪಟ್ಟಿಗಳು) ತೂರಿಸಿ ಎಷ್ಟು ಅಂತ ನೋಡಿ, ಮಾರ್ಕರ್‌ನಿಂದ ಪ್ಲೇಟಿನ ಮೇಲೆಯೇ ಬರೆಯಿರಿ. ತಿರುವಿ ಹಾಕಿ ಇನ್ನೊಮ್ಮೆ ನೋಡಿ. ಬಟ್ಟಲಿನ ಹಾಗೆ ಬಾಗಿದೆಯೋ, ಪ್ರೊಪೆಲ್ಲರ್ ಹಾಗೆ ತಿರುಚಿದೆಯೋ ಅಂತ ಇಲ್ಲಿ ಗೊತ್ತಾಗುತ್ತದೆ. ತಿರುಚಿದ್ದರೆ ಎದುರು ಬದುರಿನ ಎರಡು ಮೂಲೆ ಎದ್ದಿರುತ್ತವೆ.

ಈ ಬರಹದಲ್ಲಿ ಯಾರೂ ಬಿಡಬಾರದ ಹಂತ ಅಂದರೆ ಇದು. ಬಾಗು ಎಷ್ಟಿದೆ ಅಂತ ಗೊತ್ತಿಲ್ಲದೆ ಹಿಡಿದರೆ, ಬಿಚ್ಚಿದಾಗ ಕಾಣುವ ಬಾಗು ಹಳೆಯದೋ ಹೊಸದೋ ತಿಳಿಯುವುದಿಲ್ಲ.

ಹಂತ 4: ಅಡಿಪ್ಲೇಟು ತಯಾರಿಸಿ

ಮೆಷಿನ್ ಟೇಬಲ್‌ಗೆ ಟಿ ಸ್ಲಾಟ್‌ಗಳಿವೆ (ಬೋಲ್ಟ್ ಕೂರಿಸುವ ಉದ್ದ ತೋಡುಗಳು), ಗಾಯಗಳಿವೆ. ತೆಳು ಪ್ಲೇಟಿಗೆ ಅದು ಒಳ್ಳೆಯ ಹಾಸು ಅಲ್ಲ. 20 ಅಥವಾ 25 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟನ್ನು ಟೇಬಲ್‌ಗೆ ಬೋಲ್ಟ್ ಮಾಡಿ, ಅದೇ ಮೆಷಿನ್‌ನಲ್ಲಿ ಅದರ ಮೇಲ್ಮೈಯನ್ನು ಒಮ್ಮೆ ತೆಗೆಯಿರಿ. ಈಗ ಅದು ನಿಮ್ಮ ಸ್ಪಿಂಡಲ್ (ಕಟರ್ ತಿರುಗಿಸುವ ದಂಡ) ಓಡುವ ದಾರಿಗೆ ಸಮನಾಗಿದೆ. ಇದಕ್ಕೆ 25 ಅಥವಾ 50 ಮಿ.ಮೀ. ಅಂತರದಲ್ಲಿ ಟ್ಯಾಪ್ ಹಾಕಿದ (ಒಳಗೆ ಸ್ಕ್ರೂ ಎಳೆ ಕೊರೆದ) ತೂತುಗಳನ್ನು ಮಾಡಿಟ್ಟರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಮೇಲೆ ಗಾಯ ಆದಾಗ ಇನ್ನೊಂದು ಚೂರು ತೆಗೆದರೆ ಹೊಸದು. ಟ್ಯಾಪ್ ತೂತಿನ ಬಾಯಿಗೆ ಚ್ಯಾಂಫರ್ (ಇಳಿಜಾರು ಅಂಚು) ಕೊಡಲು ಮರೆಯಬೇಡಿ. ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಬಾಯಿಯ ಸುತ್ತ ಲೋಹ ಉಬ್ಬುತ್ತದೆ.

ಪ್ರತಿ ಸಲ ಪ್ಲೇಟು ಇಡುವ ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ಅಂಗೈ ಸವರಿ. ಬಟ್ಟೆ ಬಿಟ್ಟುಹೋದ ಚೂರನ್ನು ಕೈ ಹಿಡಿಯುತ್ತದೆ.

ಹಂತ 5: ಮೊದಲ ಮುಖ, ಒತ್ತಡ ಇಲ್ಲದೆ

ಇಡೀ ಕೆಲಸದ ಜೀವಾಳ ಇಲ್ಲಿದೆ. ಮೊದಲ ಮುಖ ನಿಜವಾಗಿ ಚಪ್ಪಟೆ ಆದರೆ ಎರಡನೇ ಮುಖಕ್ಕೆ ನಂಬಿಕೆಯ ನೆಲ ಸಿಗುತ್ತದೆ. ಮೊದಲ ಮುಖವನ್ನು ಎಳೆದು ಹಿಡಿದು ತೆಗೆದರೆ ಆ ತಪ್ಪು ಕೊನೆಯವರೆಗೂ ಜೊತೆಗೆ ಬರುತ್ತದೆ.

ತಗ್ಗು ಇರುವ ಕಡೆಯನ್ನು ಕೆಳಗೆ ಹಾಕಿ. ಆಗ ಪ್ಲೇಟು ಅಂಚುಗಳ ಮೇಲೆ ನಿಲ್ಲುತ್ತದೆ, ಅಲ್ಲಾಡುವುದಿಲ್ಲ. ಉಬ್ಬಿದ ಕಡೆ ಕೆಳಗೆ ಹಾಕಿದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಈಗ ನಡುವೆ ಟೊಳ್ಳು ಇದೆ. ಕಟರ್ ಅಲ್ಲಿಗೆ ಬಂದಾಗ ಪ್ಲೇಟು ಕೆಳಗೆ ಹೋಗಿ ಮೇಲೆ ಬರುತ್ತದೆ, ಗುಂಯ್ ಅಂತ ಕಂಪಿಸುತ್ತದೆ. ಆ ಟೊಳ್ಳನ್ನು ಶಿಮ್‌ನಿಂದ (ಸಂದು ತುಂಬುವ ತೆಳು ಪಟ್ಟಿ) ತುಂಬಬೇಕು. ಶಿಮ್ ಪಟ್ಟಿ ಇಲ್ಲದಿದ್ದರೆ ಸಾಮಾನ್ಯ ಪ್ರಿಂಟರ್ ಕಾಗದ ಆಗುತ್ತದೆ, ಒಂದು ಹಾಳೆ ಸುಮಾರು 0.1 ಮಿ.ಮೀ. ಶಿಮ್ ಸುಮ್ನೆ ತಾಗಿರಬೇಕು. ಎಳೆದರೆ ಚೂರು ಹಿಡಿದ ಹಾಗೆ ಅನಿಸಬೇಕು, ಆದರೆ ಪ್ಲೇಟನ್ನು ಎತ್ತಬಾರದು. ತಿರುಚಿದ ಪ್ಲೇಟಾದರೆ ಎದ್ದ ಎರಡು ಮೂಲೆಗಳ ಕೆಳಗೂ ಹೀಗೇ ಮಾಡಿ, ಅಳತೆಯನ್ನು ಎರಡಕ್ಕೂ ಹಂಚಿ.

ಈಗ ಹಿಡಿಯಬೇಕು. ಮುಖವಿಡೀ ಖಾಲಿ ಇರಬೇಕಾದ್ದರಿಂದ ಮೇಲಿಂದ ಕ್ಲಾಂಪ್ ಹಾಕುವ ಹಾಗಿಲ್ಲ. ನಾನು ಮಾಡುವುದು ಹೀಗೆ. ಎರಡು ಬದಿಗೆ ಗಟ್ಟಿ ಸ್ಟಾಪರ್‌ಗಳನ್ನು ಅಡಿಪ್ಲೇಟಿಗೆ ಬಿಗಿಯುತ್ತೇನೆ. ಅವುಗಳ ಎತ್ತರ ಪ್ಲೇಟಿನ ದಪ್ಪಕ್ಕಿಂತ ಕಮ್ಮಿ. ಎದುರು ಬದಿಯಿಂದ ಅಂಚನ್ನು ತಳ್ಳುವ ಸೈಡ್ ಕ್ಲಾಂಪ್‌ಗಳನ್ನು ಹಗುರವಾಗಿ ಬಿಗಿಯುತ್ತೇನೆ. 5 ಮಿ.ಮೀ.ಗಿಂತ ತೆಳುವಾದರೆ ಸೈಡ್ ಕ್ಲಾಂಪ್ ಕೂಡ ಅದನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಆಗ ಸ್ಟಾಪರ್‌ಗಳನ್ನು ನಾಲ್ಕೂ ಬದಿಗೆ ತಾಗಿಸಿ ಇಟ್ಟು, ಪ್ಲೇಟಿನ ಸುತ್ತಲೂ ಹಾಟ್ ಗ್ಲೂ (ಬಿಸಿ ಮಾಡಿ ಸುರಿಯುವ ಅಂಟು) ಬದು ಕಟ್ಟಿದ ಹಾಗೆ ಹಚ್ಚುತ್ತೇನೆ. ಗ್ಲೂ ಒಣಗುವಾಗ ಪ್ಲೇಟನ್ನು ಒತ್ತಿ ಹಿಡಿಯಬಾರದು. ಅದರ ಪಾಡಿಗೆ ಅದು ಕೂರಬೇಕು. ಬಾಗು ತುಂಬಾ ಇದ್ದರೆ ಶಿಮ್ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಅಥವಾ ಎಪಾಕ್ಸಿ ಪುಟ್ಟಿಯನ್ನು ಟೊಳ್ಳಿಗೆ ತುಂಬಬಹುದು. ಅಡಿಪ್ಲೇಟಿಗೆ ಮೊದಲು ಮೇಣ ಸವರಿರಿ, ಇಲ್ಲದಿದ್ದರೆ ಬಿಡಿಸುವುದು ಕಷ್ಟ.

ಡಯಲ್ ಪರೀಕ್ಷೆ

ಪ್ಲೇಟಿನ ನಡುವೆ ಡಯಲ್ ಇಂಡಿಕೇಟರ್ ಇಟ್ಟು ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ಕ್ಲಾಂಪ್‌ಗಳನ್ನು ಒಂದೊಂದಾಗಿ ಬಿಗಿಯುತ್ತಾ ಹೋಗಿ. ಕಣ್ಣು ಸ್ಪ್ಯಾನರ್ ಮೇಲೆ ಬೇಡ, ಮುಳ್ಳಿನ ಮೇಲೆ ಇರಲಿ. 0.01 ಮಿ.ಮೀ.ಗಿಂತ ಜಾಸ್ತಿ ಅಲ್ಲಾಡಿದರೆ ನೀವು ಪ್ಲೇಟನ್ನು ಹಿಡಿಯುತ್ತಿಲ್ಲ, ಬಗ್ಗಿಸುತ್ತಿದ್ದೀರಿ. ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಬಿಗಿಯಿರಿ. ಅಂಚುಗಳಲ್ಲೂ ಎರಡು ಕಡೆ ಇದೇ ರೀತಿ ನೋಡಿ.

ಕೆಲಸ ಮುಗಿದ ಮೇಲೆ ಬಿಚ್ಚುವಾಗಲೂ ಡಯಲನ್ನು ಮತ್ತೆ ಅಲ್ಲೇ ಇಡಿ. ಕ್ಲಾಂಪ್ ಸಡಿಲಿಸಿದಾಗ ಮುಳ್ಳು ಎಷ್ಟು ಓಡಿತೋ ಪ್ಲೇಟು ಅಷ್ಟು ಆಕಾರ ಬದಲಿಸಿದೆ. ಕಾರಣ ಯಾವುದು ಅಂತ ಕೂಡ ಇದರಿಂದ ಗೊತ್ತಾಗುತ್ತದೆ. ಬಿಗಿಯುವಾಗ ಮುಳ್ಳು ಅಲ್ಲಾಡದೆ ಬಿಚ್ಚುವಾಗ ಅಲ್ಲಾಡಿದರೆ ತಪ್ಪು ಕ್ಲಾಂಪಿನದ್ದಲ್ಲ, ಒಳಬಿಗಿತ ಅಥವಾ ಬಿಸಿ. ಎರಡೂ ಸಲ ಒಂದೇ ಅಳತೆ ಅಲ್ಲಾಡಿದರೆ ಹಿಡಿತದ್ದೇ ತಪ್ಪು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಇದನ್ನು ರೂಢಿ ಮಾಡಿಕೊಂಡ ಮೇಲೆ ನನ್ನ ಕೈಯಲ್ಲಿ ಹಾಳಾಗುವ ಪ್ಲೇಟುಗಳು ತುಂಬಾ ಕಮ್ಮಿಯಾದವು.

ಹಂತ 6: ತಿರುವಿ ಹಾಕಿ, ಎರಡನೇ ಮುಖಕ್ಕೆ ಹಿಡಿತ ಆರಿಸಿ

ಈಗ ಕೆಳಗಿನ ಮುಖ ಚಪ್ಪಟೆ ಇದೆ. ಅದನ್ನು ಎಳೆದು ಹಿಡಿದರೂ ಅದು ಮೊದಲೇ ಕೂತಿರುವ ಜಾಗದಲ್ಲೇ ಕೂರುತ್ತದೆ. ಆದ್ದರಿಂದ ಇನ್ನು ಬಲವಾದ ಹಿಡಿತಗಳನ್ನು ಬಳಸಬಹುದು. ಯಾವುದು ಅನ್ನುವುದು ಜಾಬ್ ನೋಡಿ.

ವ್ಯಾಕ್ಯೂಮ್ ಫಿಕ್ಸ್ಚರ್: ದೊಡ್ಡ ಪ್ಲೇಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಿಡಿಯುವುದು ಪಂಪ್ ಅಲ್ಲ, ನಮ್ಮ ಮೇಲಿರುವ ಗಾಳಿಯ ಭಾರ. ಒಂದು ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ 1 ಕೆ.ಜಿ., ಕೆಲಸದಲ್ಲಿ 0.85 ಅಂತ ಲೆಕ್ಕ ಹಿಡಿಯಿರಿ. 300ಕ್ಕೆ 200ರ ಪ್ಲೇಟಿಗೆ 500 ಕೆ.ಜಿ. ದಾಟುತ್ತದೆ. ಕೇಳಲು ದೊಡ್ಡದು, ಆದರೆ ಅದು ಕೆಳಮುಖದ ಒತ್ತಡ. ಅಡ್ಡ ಜಾರುವುದನ್ನು ತಡೆಯುವುದು ಘರ್ಷಣೆ ಮಾತ್ರ, ಎಣ್ಣೆ ಅಥವಾ ಕೂಲೆಂಟ್ (ತಂಪು ಮಾಡುವ ದ್ರವ) ಇದ್ದರೆ ಅದು ಐದನೇ ಒಂದು ಭಾಗ ಅಥವಾ ಇನ್ನೂ ಕಮ್ಮಿ. ಹಾಗಾಗಿ ಬದಿಗೆ ಪಿನ್ ಅಥವಾ ಸ್ಟಾಪರ್ ಇಲ್ಲದೆ ವ್ಯಾಕ್ಯೂಮ್ ಮಾತ್ರ ನಂಬಬೇಡಿ. ಅಂಗೈಗಿಂತ ಸಣ್ಣ ಜಾಬ್‌ಗೆ ಇದು ಸಾಲುವುದಿಲ್ಲ. ರಬ್ಬರ್ ಸೀಲ್ ಹಾಕುವ ತೋಡಿಗೆ ಸರಿಯಾದ ಆಳ ಕೊಡಿ. ರಬ್ಬರ್ ಪೂರ್ತಿ ಒಳಗೆ ಅದುಮಿ ಪ್ಲೇಟು ಲೋಹದ ಮೇಲೆ ಕೂರಬೇಕು, ರಬ್ಬರ್ ಮೇಲೆ ಅಲ್ಲ. ಆರಪಾರ ತೂತು ಇದ್ದರೆ ಗಾಳಿ ಸೋರುತ್ತದೆ, ಅದರ ಸುತ್ತ ಬೇರೆ ಸೀಲ್ ಬೇಕು. ಮೀಟರ್ ಕಣ್ಣಿಗೆ ಕಾಣುವ ಜಾಗದಲ್ಲಿ ಇರಲಿ. ವ್ಯಾಕ್ಯೂಮ್ ಇಳಿದರೆ ಮೆಷಿನ್ ತಾನೇ ನಿಲ್ಲುವ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಬಿಟ್ಟುಬಂದ ಪ್ಲೇಟು ಬ್ಲೇಡಿನ ಹಾಗೆ ಹಾರುತ್ತದೆ.

ಟೇಪ್ ಮತ್ತು ಸೂಪರ್ ಗ್ಲೂ: ಸಣ್ಣ, ತೆಳು ಜಾಬ್‌ಗೆ ನನಗೆ ಅತಿ ಇಷ್ಟದ ವಿಧಾನ. ಅಡಿಪ್ಲೇಟಿಗೂ ಜಾಬ್‌ಗೂ ಆಸಿಟೋನ್ ಹಾಕಿ ಜಿಡ್ಡು ತೆಗೆಯಿರಿ. ಎರಡಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಪಟ್ಟಿಗಳು ಪಕ್ಕಪಕ್ಕ ಇರಲಿ, ಒಂದರ ಮೇಲೊಂದು ಹತ್ತಬಾರದು. ಉಗುರು ಅಥವಾ ಪ್ಲಾಸ್ಟಿಕ್ ತುಂಡಿನಿಂದ ಉಜ್ಜಿ ಗುಳ್ಳೆ ತೆಗೆಯಿರಿ. ಟೇಪಿನ ಬೆನ್ನಿಗೆ ಸೂಪರ್ ಗ್ಲೂ ಗೆರೆ ಎಳೆದು ಎರಡನ್ನೂ ಕೂಡಿಸಿ, ಒಂದೆರಡು ನಿಮಿಷ ಸಮನಾಗಿ ಭಾರ ಇಡಿ. ಗ್ಲೂ ಟೇಪಿಗೆ ಹಿಡಿಯುತ್ತದೆ, ಲೋಹಕ್ಕೆ ಅಲ್ಲ. ಮುಗಿದ ಮೇಲೆ ತೆಳು ಪಟ್ಟಿಯಿಂದ ಅಂಚು ಎತ್ತಿದರೆ ಬಿಟ್ಟುಕೊಳ್ಳುತ್ತದೆ. ತುಂಬಾ ತೆಳು ಶೀಟಾದರೆ ಎತ್ತುವ ಮೊದಲು ಹೀಟ್ ಗನ್‌ನಿಂದ ಬಿಸಿ ಮಾಡಿ, ಇಲ್ಲದಿದ್ದರೆ ಬಿಡಿಸುವಾಗಲೇ ಬಗ್ಗುತ್ತದೆ. ಕೂಲೆಂಟನ್ನು ಹೊಳೆಯ ಹಾಗೆ ಹರಿಸಬೇಡಿ. ಗಾಳಿ ಊದಿ ಚೂರು ಎಬ್ಬಿಸಿದರೆ ಸಾಕು.

ಇದೇ ಗುಂಪಿಗೆ ಮೇಣ ಸೇರುತ್ತದೆ. ಜಾಬ್ ಬಿಸಿ ಮಾಡಿ, ಮೇಣ ಕರಗಿಸಿ, ತಣಿಯಲು ಬಿಟ್ಟರೆ ಮೂಲೆ ಮೂಲೆಗೂ ಆಧಾರ ಸಿಗುತ್ತದೆ. ತೆಳು ಗೋಡೆಯ ಜಾಬ್‌ಗೆ ತುಂಬಾ ಒಳ್ಳೆಯದು. ಸಮನಾಗಿ ತಣಿಯುವವರೆಗೆ ತಾಳ್ಮೆ ಬೇಕು.

ಸ್ಕ್ರೂ ಹಾಕಿ ಹಿಡಿಯುವುದು: ಜಾಬ್‌ನಲ್ಲಿ ಹೇಗೂ ತೂತುಗಳು ಬರುತ್ತವೆ ಅಂದರೆ ಅವನ್ನೇ ಉಪಯೋಗಿಸಿ. ಮೊದಲು ತೂತು ಹಾಕಿ, ಅಡಿಪ್ಲೇಟಿನ ಟ್ಯಾಪ್ ತೂತಿಗೆ ಸ್ಕ್ರೂ ಮಾಡಿ. ತೂತು ಇಲ್ಲದ ಜಾಬ್ ಆದರೆ, ಕೊನೆಗೆ ಕತ್ತರಿಸಿ ಬಿಸಾಡುವ ಜಾಗದಲ್ಲಿ ತೂತು ಹಾಕಿ. ಸ್ಕ್ರೂಗಳ ನಡುವಿನ ಅಂತರ ಪ್ಲೇಟು ತೆಳುವಾದಷ್ಟೂ ಕಮ್ಮಿ ಇರಲಿ. ತುಂಬಾ ಬಿಗಿಯುವುದು ಬೇಡ. ನಡುವಿನಿಂದ ಶುರು ಮಾಡಿ ಹೊರಗಡೆಗೆ ಬಿಗಿಯುತ್ತಾ ಹೋಗಿ, ಉಬ್ಬು ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಬಿಸಿಗೆ ಹಿಗ್ಗಿದ ಪ್ಲೇಟು ಎರಡು ಸ್ಕ್ರೂ ನಡುವೆ ಮೇಲೇಳಲು ನೋಡುತ್ತದೆ. ಅದಕ್ಕೇ ಫಿನಿಶ್ ಪಾಸ್‌ಗೆ (ಕಟರ್‌ನ ಕೊನೆಯ ಓಟಕ್ಕೆ) ಮೊದಲು ಎಲ್ಲ ಸ್ಕ್ರೂಗಳನ್ನು ಒಮ್ಮೆ ಸಡಿಲಿಸಿ, ತಣ್ಣಗಾದ ಮೇಲೆ ಮತ್ತೆ ಬಿಗಿಯಿರಿ.

ಮೇಲಿಂದ ಹಾಕುವ ಕ್ಲಾಂಪ್: ಒಂದೇ ನಿಯಮ. ಕ್ಲಾಂಪಿನ ಮೂತಿಯ ನೇರ ಕೆಳಗೆ ಆಧಾರ ಇರಲೇಬೇಕು. ಪ್ಯಾರಲಲ್ (ಕೆಳಗಿಡುವ ಆಧಾರ ಪಟ್ಟಿ) ಒಂದು ಕಡೆ, ಕ್ಲಾಂಪ್ ಇನ್ನೊಂದು ಕಡೆ ಆದರೆ ನೀವೇ ಸನ್ನೆ ಹಾಕಿ ಬಗ್ಗಿಸಿದ ಹಾಗೆ. ನಡುವೆ ಕ್ಲಾಂಪ್ ಜಾಗ ಬದಲಿಸಬೇಕಾದರೆ ಹೊಸದನ್ನು ಬಿಗಿದ ಮೇಲೆ ಹಳೆಯದನ್ನು ಬಿಚ್ಚಿ.

ಮ್ಯಾಗ್ನೆಟಿಕ್ ಚಕ್: ಉಕ್ಕಿಗೆ ಮಾತ್ರ. 304, 316 ಸ್ಟೇನ್‌ಲೆಸ್ ಹಿಡಿಯುವುದಿಲ್ಲ. ತೆಳು ಪ್ಲೇಟಿಗೆ ಪಟ್ಟಿಗಳು ಹತ್ತಿರ ಹತ್ತಿರ ಇರುವ ಚಕ್ ಬೇಕು. ಅಗಲ ಪಟ್ಟಿಯ ಚಕ್ ತೆಳು ಪ್ಲೇಟನ್ನು ಸಡಿಲವಾಗಿ ಹಿಡಿಯುತ್ತದೆ. ಸರ್ಫೇಸ್ ಗ್ರೈಂಡಿಂಗ್‌ನಲ್ಲಿ ಮ್ಯಾಗ್ನೆಟ್ಟಿನ ಎಳೆತವೇ ಮುಖ್ಯ ಶತ್ರು. ಬಾಗಿದ ಪ್ಲೇಟನ್ನು ಅದು ಸದ್ದಿಲ್ಲದೆ ನೆಟ್ಟಗೆ ಮಾಡಿಬಿಡುತ್ತದೆ. ಅಲ್ಲಿಯೂ ಮದ್ದು ಒಂದೇ: ಟೊಳ್ಳಿಗೆ ಕಾಗದ ಕೊಡಿ, ಶಕ್ತಿ ಕಮ್ಮಿ ಇಡುವ ಸೌಲಭ್ಯ ಇದ್ದರೆ ಕಮ್ಮಿ ಇಟ್ಟು ಸುತ್ತ ಸ್ಟಾಪರ್ ಕೊಡಿ, ಮೊದಲ ಮುಖದ ಎತ್ತರದ ಜಾಗಗಳನ್ನು ಮಾತ್ರ ತೆಗೆಯಿರಿ. ತಿರುವಿ, ಇನ್ನೊಂದು ಕಡೆ ಅಷ್ಟೇ ತೆಗೆಯಿರಿ. ಪ್ರತಿ ತಿರುವಿಗೂ ಬಾಗು ಕಮ್ಮಿಯಾಗುತ್ತಾ ಬರುತ್ತದೆ. ಹೊಸದಾಗಿ ಡ್ರೆಸ್ ಮಾಡಿದ (ಮುಖ ಕೆರೆದು ಚೂಪು ಮಾಡಿದ) ಗ್ರೈಂಡಿಂಗ್ ವೀಲ್, ಧಾರಾಳ ಕೂಲೆಂಟ್ ಇರಲಿ.

ಮತ್ತೆ ವೈಸ್? ಅಗಲ ಪ್ಲೇಟಿಗೆ ಬೇಡ. ಸಣ್ಣ ತುಂಡಾದರೆ, ವೈಸ್‌ನ ಮೆದು ಲೋಹದ ದವಡೆಗಳಲ್ಲಿ (ಸಾಫ್ಟ್ ಜಾ) ಮೆಟ್ಟಿಲು ಕೊರೆದು, ಪ್ಲೇಟಿನ ಕೆಳಗೆ ಪೂರ್ತಿ ಆಧಾರ ಕೊಟ್ಟು, ಹಗುರ ಕೈಯಲ್ಲಿ ಬಿಗಿದರೆ ಆಗುತ್ತದೆ.

ಹಂತ 7: ಕಟರ್ ಮತ್ತು ಕಟ್

ಚೂಪು ಕಟರ್ ಅರ್ಧ ಹಿಡಿತಕ್ಕೆ ಸಮ. ಮೊಂಡು ಕಟರ್ ಕತ್ತರಿಸುವ ಬದಲು ಒತ್ತುತ್ತದೆ, ಉಜ್ಜುತ್ತದೆ, ಬಿಸಿ ಮಾಡುತ್ತದೆ. ತೆಳು ಪ್ಲೇಟಿಗೆ ಈ ಮೂರೂ ವಿಷ. ಅಲ್ಯೂಮಿನಿಯಂಗೆ ಪಾಲಿಶ್ ಮಾಡಿದ, ಚೂಪು ಅಂಚಿನ ಇನ್ಸರ್ಟ್ (ಕಟರ್‌ಗೆ ಸಿಕ್ಕಿಸುವ ಹಲ್ಲು) ಹಾಕಿ.

45 ಡಿಗ್ರಿ ಫೇಸ್ ಮಿಲ್ (ಮೇಲ್ಮೈ ತೆಗೆಯುವ ಅಗಲ ಕಟರ್) ಪ್ಲೇಟನ್ನು ಕೆಳಗೆ ಒತ್ತುತ್ತದೆ. ಕೆಳಗೆ ಪೂರ್ತಿ ಆಧಾರ ಇದ್ದರೆ ಅದು ಒಳ್ಳೆಯದೇ, ಟೊಳ್ಳು ಇದ್ದರೆ ಅಪಾಯ. 90 ಡಿಗ್ರಿ ಕಟರ್ ಬಹುಪಾಲು ಅಡ್ಡಕ್ಕೆ ತಳ್ಳುತ್ತದೆ. ಮೊದಲ ಮುಖಕ್ಕೆ, ಶಿಮ್ ಮೇಲೆ ನಿಂತ ಪ್ಲೇಟಿಗೆ, ನಾನು 90 ಡಿಗ್ರಿಯ ಸಣ್ಣ ಕಟರ್ ಬಳಸುತ್ತೇನೆ. ದೊಡ್ಡ ಕಟರ್‌ನಲ್ಲಿ ಪಾಸ್ ಕಮ್ಮಿ ಆಗುತ್ತವೆ ನಿಜ, ಆದರೆ ಒತ್ತಡ ಜಾಸ್ತಿ. ಎಂಡ್ ಮಿಲ್‌ನಿಂದ (ಡ್ರಿಲ್ ತರಹದ, ಬದಿಯಿಂದಲೂ ಕತ್ತರಿಸುವ ಕಟರ್) ಅಂಚು ಕತ್ತರಿಸುವಾಗ ಇನ್ನೊಂದು ವಿಷಯ ನೆನಪಿಡಿ: ಸಾಮಾನ್ಯ ಎಂಡ್ ಮಿಲ್ಲಿನ ಸುರುಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಸುರುಳಿ ಕಮ್ಮಿ ಇರುವುದನ್ನೋ, ಕೆಳಕ್ಕೆ ತಳ್ಳುವ ಡೌನ್‌ಕಟ್ ಕಟರನ್ನೋ ಹಾಕಿದರೆ ಶೀಟು ಹಾಸಿಗೆ ಒತ್ತಿಕೊಂಡಿರುತ್ತದೆ. ಡೌನ್‌ಕಟ್‌ನಲ್ಲಿ ಚೂರು ಕೊರೆದ ತೋಡಿನಲ್ಲೇ ಉಳಿಯುತ್ತದೆ, ಗಾಳಿ ಊದುತ್ತಲೇ ಇರಬೇಕು.

ಎಷ್ಟು ತೆಗೆಯಬೇಕು, ಯಾವ ಕ್ರಮದಲ್ಲಿ? 8ರಿಂದ 6 ಮಿ.ಮೀ.ಗೆ ಬರುವ ನಮ್ಮ ಪ್ಲೇಟಿಗೆ ಹೀಗೆ:

1. ಮೊದಲ ಮುಖದಿಂದ 0.7 ಮಿ.ಮೀ., ಶಿಮ್ ಮೇಲೆ, ಸಣ್ಣ ಸಣ್ಣ ಪಾಸ್‌ಗಳಲ್ಲಿ.
2. ತಿರುವಿ ಎರಡನೇ ಮುಖದಿಂದ 0.7.
3. ಪೂರ್ತಿ ಬಿಚ್ಚಿ ಪಕ್ಕಕ್ಕೆ ಇಡಿ. ಕೋಣೆಯ ಬಿಸಿಗೆ ಬರುವವರೆಗೆ ಮುಟ್ಟಬೇಡಿ. ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು.
4. ಮತ್ತೆ ಸರ್ಫೇಸ್ ಪ್ಲೇಟ್ ಮೇಲೆ ಅಳೆಯಿರಿ. ಒಳಬಿಗಿತ ಬಿಟ್ಟುಕೊಂಡು ಹೊಸ ಬಾಗು ಬಂದಿರುತ್ತದೆ. ಅದಕ್ಕೆ ಹೊಸದಾಗಿ ಶಿಮ್ ಕೊಟ್ಟು ಮೊದಲ ಮುಖದಿಂದ 0.3.
5. ತಿರುವಿ ಕೊನೆಯ 0.3. ಅದರಲ್ಲಿ ಕೊನೆಯ ಪಾಸ್ 0.1 ಇರಲಿ.

ನಾಲ್ಕನೇ ಸಾಲನ್ನು ಬಿಟ್ಟು ಸೀದಾ ಐದಕ್ಕೆ ಹೋಗಬೇಕು ಅಂತ ಆಸೆ ಆಗುತ್ತದೆ. ಹೋದರೆ ಮೊದಲಿನ ಮೂರೂ ಸಾಲಿನ ಕೆಲಸ ದಂಡ.

ಹಂತ 8: ತೂತು ಮತ್ತು ಹೊರ ಅಂಚು

ತೆಳು ಶೀಟಿಗೆ ತೂತು ಹಾಕುವುದು ಸುಲಭ ಅನಿಸುತ್ತದೆ, ಆದರೆ ಗಾಯ ಆಗುವುದು ಇಲ್ಲೇ ಜಾಸ್ತಿ. ಸಾಮಾನ್ಯ ಡ್ರಿಲ್ ಬಿಟ್ ಕೆಳಗೆ ಹೊರಬರುವ ಕ್ಷಣದಲ್ಲಿ ಶೀಟನ್ನು ಕಚ್ಚಿ ಮೇಲೆಳೆಯುತ್ತದೆ. ಕೈಯಲ್ಲಿ ಹಿಡಿದಿದ್ದರೆ ಶೀಟು ಗಿರ್ರನೆ ತಿರುಗಿ ಬೆರಳು ಸೀಳುತ್ತದೆ. ಎಷ್ಟು ಸಣ್ಣ ತೂತಾದರೂ ಕೈಯಲ್ಲಿ ಹಿಡಿಯಬೇಡಿ. ತಿರುಗುವ ಸ್ಪಿಂಡಲ್ ಹತ್ತಿರ ಗ್ಲೌಸ್ ಕೂಡ ಬೇಡ. ಕೆಳಗೆ ಮರ ಅಥವಾ ಅಲ್ಯೂಮಿನಿಯಂ ಹಲಗೆ, ಮೇಲೆ ಇನ್ನೊಂದು ತುಂಡು ಇಟ್ಟು, ನಡುವೆ ಶೀಟನ್ನು ಬಿಗಿದರೆ ಬರ್ ಕೂಡ ಬರುವುದಿಲ್ಲ. ದೊಡ್ಡ ತೂತಿಗೆ ಸ್ಟೆಪ್ ಡ್ರಿಲ್ ಒಳ್ಳೆಯದು. ಒಂದೇ ತರಹದ ಹತ್ತು ಶೀಟು ಇದ್ದರೆ ಒಟ್ಟಿಗೆ ಅಡಕಿ ಕಟ್ಟಿ, ಎರಡು ದಪ್ಪ ಹಲಗೆಗಳ ನಡುವೆ ಹಿಡಿದು ಒಂದೇ ಸಲ ಕೊರೆಯಿರಿ. ಆಗ ಅದು ತೆಳು ಪ್ಲೇಟೇ ಅಲ್ಲ.

ಹೊರ ಅಂಚು ಕತ್ತರಿಸುವಾಗ ಕೊನೆಯ ಕ್ಷಣದಲ್ಲಿ ಜಾಬ್ ಬಿಡುಗಡೆ ಆಗುತ್ತದೆ, ಅಲ್ವಾ? ಆಗ ಅದು ಕಟರ್‌ಗೆ ಸಿಕ್ಕಿ ಹಾಳಾಗಬಾರದು. ಎರಡು ದಾರಿ ಇವೆ. ಒಂದು, ಅಲ್ಲಲ್ಲಿ ಸಣ್ಣ ಕೊಂಡಿಗಳನ್ನು ಉಳಿಸಿ, ಆಮೇಲೆ ಗರಗಸದಿಂದ ತುಂಡರಿಸಿ ಅರ ಹೊಡೆಯುವುದು. ಇನ್ನೊಂದು, ತಳದಲ್ಲಿ ಈರುಳ್ಳಿ ಸಿಪ್ಪೆಯಷ್ಟು, 0.1ರಿಂದ 0.2 ಮಿ.ಮೀ., ಪದರ ಉಳಿಸುವುದು. ವ್ಯಾಕ್ಯೂಮ್ ಇದ್ದರೆ ಎರಡನೆಯದು ಸರಿ, ಗಾಳಿ ಸೋರುವುದಿಲ್ಲ. ಬಿಡಿಸಿ ಚಾಕುವಿನಿಂದ ಗೀರಿದರೆ ಸಿಪ್ಪೆ ಕಳಚುತ್ತದೆ.

ಹಂತ 9: ಬಿಚ್ಚಿ, ಕಾದು, ಅಳೆಯಿರಿ

ಕ್ಲಾಂಪ್‌ಗಳನ್ನು ಒಂದೇ ಸಲ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಚೂರು ಚೂರು ಸಡಿಲಿಸಿ, ಡಯಲ್ ನೋಡಿ. ಹಾಟ್ ಗ್ಲೂ, ಮೇಣ ಇದ್ದರೆ ಬಿಸಿ ಮಾಡಿ ಜಾರಿಸಿ ತೆಗೆಯಿರಿ, ಮೀಟಿ ಎತ್ತಬೇಡಿ. ಮ್ಯಾಗ್ನೆಟ್ ಮೇಲಿನ ಪ್ಲೇಟನ್ನು ಡೀಮ್ಯಾಗ್ನೆಟೈಸ್ ಮಾಡಿ, ಇಲ್ಲದಿದ್ದರೆ ಅದಕ್ಕೆ ಅಂಟಿದ ಚೂರು ಅಳತೆ ಕೆಡಿಸುತ್ತದೆ.

ಕೈಯಲ್ಲಿ ಹಿಡಿದು ತಂದ ಕೂಡಲೇ ಅಳೆಯಬೇಡಿ, ಕೈಯ ಬಿಸಿಯೇ ಸಾಕು ತೆಳು ಪ್ಲೇಟನ್ನು ಬಾಗಿಸಲು. ಸರ್ಫೇಸ್ ಪ್ಲೇಟ್ ಮೇಲೆ ಅರ್ಧ ಗಂಟೆ ಬಿಟ್ಟು, ಮೂರು ಸಮ ಎತ್ತರದ ಬಿಂದುಗಳ ಮೇಲೆ ನಿಲ್ಲಿಸಿ ಡಯಲ್ ಓಡಿಸಿ. ತುಂಬಾ ತೆಳುವಾದ ಶೀಟು ಮೂರು ಬಿಂದುಗಳ ನಡುವೆ ಸ್ವಂತ ಭಾರಕ್ಕೇ ಜೋಲುತ್ತದೆ. ಅದಕ್ಕೆ ಫೀಲರ್ ಗೇಜ್ ವಿಧಾನವೇ ಸರಿ. ಅಳತೆ ಮೀರಿ ಬಾಗು ಉಳಿದಿದ್ದರೆ, ದಪ್ಪ ಇನ್ನೂ ಕೈಯಲ್ಲಿದ್ದರೆ, ಐದನೇ ಹಂತದಿಂದ ಇನ್ನೊಮ್ಮೆ. ದಪ್ಪ ಉಳಿದಿಲ್ಲದಿದ್ದರೆ ಪ್ರೆಸ್‌ನಲ್ಲಿ ಎರಡು ಆಧಾರಗಳ ನಡುವೆ ಹಗುರವಾಗಿ ಒತ್ತಿ ನೆಟ್ಟಗೆ ಮಾಡಲು ನೋಡಬಹುದು. ಆದರೆ ಹಾಗೆ ಒತ್ತಿದ ಪ್ಲೇಟಿನ ಒಳಗೆ ಹೊಸ ಬಿಗಿತ ಸೇರಿರುತ್ತದೆ, ಅದರ ಮೇಲೆ ಮತ್ತೆ ಕಟರ್ ಹಾಕಬೇಡಿ.

ಮುಗಿದ ಪ್ಲೇಟನ್ನು ಗೋಡೆಗೆ ಒರಗಿಸಿ ಇಡಬೇಡಿ. ಚಪ್ಪಟೆ ಹಲಗೆಯ ಮೇಲೆ ಮಲಗಿಸಿ, ನಡುವೆ ಕಾಗದ ಹಾಕಿ ಒಂದರ ಮೇಲೊಂದು ಜೋಡಿಸಿ. ಎತ್ತುವಾಗ ಒಂದು ಮೂಲೆ ಹಿಡಿಯದೆ ಎರಡೂ ಕೈಗಳಿಂದ ಎರಡು ಬದಿ ಹಿಡಿಯಿರಿ.